ಮಧ್ಯಾಹ್ನ ಎರಡು ಗಂಟೆಗೆ ಹನ್ನೊಂದು ಜನ

ಒಂದು ಬುಧವಾರ ಮಧ್ಯಾಹ್ನ ಒಂದೂಕಾಲು. ಮ್ಯಾಗ್ರಾತ್ ರಸ್ತೆಯ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ ಗೇಟಿನಲ್ಲಿ ನಿಂತು ತಲೆ ಎಣಿಸುತ್ತಿದ್ದೆ. ಎಂಟು. ಮತ್ತೊಮ್ಮೆ ಎಣಿಸಿದೆ, ಎಂಟೇ. ಒಂಬತ್ತನೆಯವನು ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದ. ಹತ್ತನೆಯವನು ಫೋನ್ ಎತ್ತುತ್ತಿರಲಿಲ್ಲ. ಹನ್ನೊಂದನೆಯವನು ‘ಇಲ್ಲೇ ಬಂದೆ ಅಣ್ಣಾ, ಇಲ್ಲೇ’ ಅಂತ ಅರ್ಧ ಗಂಟೆಯಿಂದ ಬರುತ್ತಲೇ ಇದ್ದ. ಎರಡಕ್ಕೆ ಕಿಕ್ ಆಫ್.

ಒಂದು ತಂಡದಲ್ಲಿ ಕನಿಷ್ಠ 7 ಜನ ಇದ್ದರೆ ಪಂದ್ಯ ಶುರು ಮಾಡಬಹುದು ಅನ್ನುತ್ತದೆ ಫುಟ್‌ಬಾಲ್ ನಿಯಮ. ಟೀಂ ಶೀಟಿನಲ್ಲಿ ಹೆಸರಿದ್ದವನು ತಡವಾಗಿ ಬಂದರೆ ರೆಫ್ರಿ ಅನುಮತಿ ಪಡೆದು ಒಳಗೆ ಇಳಿಯಬಹುದು. ಈ ನಿಯಮದ ಅಗತ್ಯ ಬೀಳದೆ ಆಯುಷ್ಯ ಕಳೆದ ಕೋಚ್‌ಗಳು ಎಷ್ಟೋ ಜನ ಇದ್ದಾರೆ. ನನಗೆ ಮೂರನೇ ಪಂದ್ಯಕ್ಕೇ ಬಿತ್ತು. ಆ ದಿನ ಒಂಬತ್ತು ಜನರೊಂದಿಗೆ ಇಳಿದೆವು. ಒಬ್ಬ ಹನ್ನೊಂದನೇ ನಿಮಿಷಕ್ಕೆ ಓಡಿ ಬಂದು ಗೇಟಿನ ಹತ್ತಿರವೇ ಪ್ಯಾಂಟ್ ಬಿಚ್ಚಿ ಶಾರ್ಟ್ಸಿನಲ್ಲಿ ನಿಂತ. ಇನ್ನೊಬ್ಬ ಇಪ್ಪತ್ತನೇ ನಿಮಿಷಕ್ಕೆ ಬಂದ. ಅಷ್ಟರಲ್ಲಿ 0–2.

ನಮ್ಮದು ವಿವೇಕನಗರ, ಆಸ್ಟಿನ್ ಟೌನ್ ಕಡೆಯ ಸಣ್ಣ ಕ್ಲಬ್. ಹೆಸರು ಬೇಡ. ಆ ಹುಡುಗರೆಲ್ಲ ಈಗಲೂ ಅದೇ ಗಲ್ಲಿಗಳಲ್ಲಿ ಓಡಾಡುತ್ತಾರೆ, ಇಲ್ಲಿ ಬರೆದದ್ದಕ್ಕೆ ನಾಳೆ ಟೀ ಅಂಗಡಿಯಲ್ಲಿ ಲೆಕ್ಕ ಕೇಳುತ್ತಾರೆ. ನಾನು ಅದರ ಕಾರ್ಯದರ್ಶಿ, ಕೋಚ್, ಡ್ರೈವರ್, ನೀರು ಹೊರುವವನು. ಹೊಟ್ಟೆಪಾಡಿಗೆ ಫ್ಲೆಕ್ಸ್ ಮತ್ತು ಸ್ಟಿಕರ್ ಅಂಗಡಿ ಇದೆ. ಜೆರ್ಸಿಯ ನಂಬರುಗಳನ್ನು ಅಲ್ಲಿಯೇ ಹೀಟ್ ಪ್ರೆಸ್ಸಿನಲ್ಲಿ ಒತ್ತುತ್ತಿದ್ದೆ. ಮೂರು ಒಗೆತಕ್ಕೆ 8ರ ಅರ್ಧ ಕಿತ್ತುಹೋಗಿ 3 ಆಗುತ್ತಿತ್ತು. ರೆಫ್ರಿ ಹಳದಿ ಕಾರ್ಡ್ ಬರೆದುಕೊಳ್ಳುವಾಗ ಇದು ತಮಾಷೆಯ ವಿಷಯವಲ್ಲ.

ನಮ್ಮ ಕಡೆ ಫುಟ್‌ಬಾಲ್ ಯಾರೂ ಕಲಿಸಿ ಬರುವುದಲ್ಲ. ದಂಡಿನ ಕಾಲದ ಪೇಟೆಗಳಲ್ಲಿ, ಅಂದರೆ ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರು, ಶಿವಾಜಿನಗರದಲ್ಲಿ, ಅದು ಮನೆಯ ಹಿತ್ತಲಿನ ಗಿಡದ ಹಾಗೆ ತಾನಾಗಿ ಬೆಳೆದದ್ದು. ಗೌತಮಪುರದಲ್ಲಿ ಪೆಲೆಗೆ ಪ್ರತಿಮೆಯೇ ಇದೆ. ಎರಡು ಒಲಿಂಪಿಕ್ಸ್ ಆಡಿದ ಅಹ್ಮದ್ ಖಾನ್ ಬೆಂಗಳೂರಿನವರು. 1948ರ ಲಂಡನ್ನಿನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ಸಂಸ್ಥಾನದ ಆಟಗಾರ. ಇದನ್ನೆಲ್ಲ ನಮ್ಮ ಹುಡುಗರಿಗೆ ಹೇಳಿದರೆ ‘ಅವರಿಗೆ ಶಿಫ್ಟ್ ಇರಲಿಲ್ಲ ಅಲ್ವಾ ಅಣ್ಣಾ’ ಅನ್ನುತ್ತಾರೆ. ಆ ಮಾತನ್ನು ತಮಾಷೆ ಅಂದುಕೊಂಡಿದ್ದೆ. ಸೀಸನ್ ಮುಗಿಯುವ ಹೊತ್ತಿಗೆ ಅದೇ ಪೂರ್ತಿ ಕಥೆ ಅಂತ ಅರ್ಥವಾಯಿತು.

ಬೆಂಗಳೂರು ಜಿಲ್ಲಾ ಲೀಗಿನಲ್ಲಿ ಸಿ, ಬಿ, ಎ, ಅದರ ಮೇಲೆ ಸೂಪರ್ ಡಿವಿಷನ್. ನಾವು ಎ ಡಿವಿಷನ್ನಿನಿಂದ ಮೇಲೆ ಬಂದಿದ್ದೆವು. ಬಂದ ರಾತ್ರಿ ಪಟಾಕಿ, ಬಿರಿಯಾನಿ, ಬೀದಿಯಲ್ಲಿ ತಮಟೆ. ಯಾರ ಜೊತೆ ಆಡಬೇಕು ಅನ್ನುವುದನ್ನು ಕೂತು ನೋಡಿದ್ದು ಮಾರನೇ ದಿನ. ಎಂಇಜಿ, ಎಎಸ್‌ಸಿ ತರಹದ ಸೇನೆಯ ತಂಡಗಳು. ಅಲ್ಲಿನ ಆಟಗಾರ ಬೆಳಿಗ್ಗೆ ಎದ್ದು ಮಾಡುವ ಕೆಲಸವೇ ಅಭ್ಯಾಸ. ಸ್ವಂತ ಮೈದಾನ, ಸ್ವಂತ ಫಿಸಿಯೋ ಇರುವ ವೃತ್ತಿಪರ ಕ್ಲಬ್‌ಗಳು. ಬೆಂಗಳೂರು ಎಫ್‌ಸಿಯ ಮೀಸಲು ತಂಡ ಕೂಡ ಈ ಲೀಗಿನಲ್ಲಿ ಆಡಿ ಗೆದ್ದದ್ದುಂಟು. ಇವರ ನಡುವೆ ನಮ್ಮಂಥ ನಾಲ್ಕೈದು ಗಲ್ಲಿ ಕ್ಲಬ್‌ಗಳು. ಟೇಬಲ್ಲಿನ ಕೆಳಗೆ ನಾವು ನಾವೇ ಕಿತ್ತಾಡಿಕೊಳ್ಳಬೇಕು.

ಪಂದ್ಯಗಳು ವಾರದ ದಿನಗಳಲ್ಲಿ, ಮಧ್ಯಾಹ್ನ. ಇದರಲ್ಲಿ ಯಾರ ತಪ್ಪೂ ಇಲ್ಲ. ಇರುವುದು ಒಂದು ಸ್ಟೇಡಿಯಂ, ಡಿವಿಷನ್ ನಾಲ್ಕು, ಎಲ್ಲರಿಗೂ ಭಾನುವಾರವೇ ಬೇಕು ಅಂದರೆ ಲೀಗ್ ಮುಗಿಯುವುದು ಮೊಮ್ಮಕ್ಕಳ ಕಾಲಕ್ಕೆ. ನನಗನ್ನಿಸುವುದು ಇಷ್ಟು: ಈ ವೇಳಾಪಟ್ಟಿ ಒಂದು ಕಾಲಕ್ಕೆ ಸರಿಹೊಂದುತ್ತಿತ್ತು. ಐಟಿಐ, ಎಚ್‌ಎಎಲ್, ಬಿಇಎಂಎಲ್ ಎಲ್ಲ ಜೋರಾಗಿ ಫುಟ್‌ಬಾಲ್ ಆಡುತ್ತಿದ್ದ ದಿನಗಳು ಅವು. ಆಟ ಆಡುತ್ತಾನೆ ಅಂತಲೇ ಹುಡುಗನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಗುತ್ತಿತ್ತು, ಪಂದ್ಯದ ದಿನ ಪಂಚ್ ಮಾಡಿ ಮೈದಾನಕ್ಕೆ ಹೋಗುತ್ತಿದ್ದ. ಎಚ್‌ಎಎಲ್ ತಂಡ ಆಗ ದೇಶದ ಅತಿ ದೊಡ್ಡ ಲೀಗ್ ಆಗಿದ್ದ ಐ-ಲೀಗ್‌ವರೆಗೂ ಹೋಗಿ ಆಡಿತು. ನನ್ನ ಚಿಕ್ಕಪ್ಪ ಹಾಗೇ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸಂಬಳ ತೆಗೆದುಕೊಂಡವರು. ಲೇತ್ ಮುಟ್ಟಿದ್ದಕ್ಕಿಂತ ಚೆಂಡು ಮುಟ್ಟಿದ್ದೇ ಹೆಚ್ಚು. ನಮ್ಮ ಹುಡುಗರಿಗೆ ಆ ಭಾಗ್ಯ ಇಲ್ಲ. ಮಧ್ಯಾಹ್ನ ಎರಡು ಗಂಟೆ ಮಾತ್ರ ಹಾಗೇ ಉಳಿದುಕೊಂಡಿದೆ.

ಸೀಸನ್ನಿಗೆ ಮೊದಲು ಆಟಗಾರರ ನೋಂದಣಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಸಿಆರ್‌ಎಸ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಪ್ರತಿಯೊಬ್ಬನ ಫೋಟೋ, ದಾಖಲೆ ಏರಿಸಬೇಕು. ಅಂಗಡಿಯಲ್ಲಿ ಸ್ಕ್ಯಾನರ್ ಇದ್ದದ್ದರಿಂದ ಆ ಕೆಲಸ ಎರಡು ರಾತ್ರಿಯಲ್ಲಿ ಮುಗಿಯಿತು. 26 ಜನ ಆದರು. ಪಟ್ಟಿ ನೋಡಿ ಹೆಮ್ಮೆ ಆಯಿತು. ಇಪ್ಪತ್ತಾರರಲ್ಲಿ ಹನ್ನೊಂದು ಜನ ಸಿಗದೇ ಇರುತ್ತಾರೆಯೇ ಅಂತ.

ಮೊದಲ ಪಂದ್ಯ ಸೇನೆಯ ಒಂದು ತಂಡದ ಮೇಲೆ. 0–6. ಮೊದಲ ನಲವತ್ತು ನಿಮಿಷ 0–1 ಇತ್ತು, ಪೆವಿಲಿಯನ್ನಿನಲ್ಲಿ ಕೂತಿದ್ದ ನಮ್ಮ ಬೀದಿಯವರು ಶಿಳ್ಳೆ ಹೊಡೆಯುತ್ತಿದ್ದರು. ಆಮೇಲೆ ಕಾಲು ಸೋತವು. ಮಣ್ಣಿನ ಮೈದಾನದಲ್ಲಿ ಕಲಿತ ಕಾಲಿಗೆ ಕೃತಕ ಹುಲ್ಲು ಬೇರೆಯದೇ ಲೋಕ. ಮಣ್ಣಿನಲ್ಲಿ ಚೆಂಡು ಪುಟಿದು ಯೋಚಿಸಲು ಅರೆಕ್ಷಣ ಕೊಡುತ್ತದೆ, ಇಲ್ಲಿ ಸೊರ್ರನೆ ಜಾರಿ ಗೆರೆ ದಾಟುತ್ತದೆ. ಮಧ್ಯಾಹ್ನದ ಬಿಸಿಲಿಗೆ ಆ ಹುಲ್ಲಿನ ಕೆಳಗಿನ ಕಪ್ಪು ರಬ್ಬರ್ ಕಾಳು ಕಾದ ಬಾಣಲೆಯ ಹಾಗಾಗುತ್ತದೆ. ಪಂದ್ಯ ಮುಗಿದ ಮೇಲೆ ನಮ್ಮ ಲೆಫ್ಟ್ ಬ್ಯಾಕ್ ಬೂಟು ಬಿಚ್ಚಿದ. ಕಾಲುಚೀಲ ಬೋರಲು ಹಾಕಿದರೆ ಸಾಸಿವೆ ಸುರಿದ ಹಾಗೆ ಕಾಳು ಸುರಿದವು. ಎರಡೂ ಅಂಗಾಲಿನಲ್ಲಿ ನಾಲ್ಕಾಣೆ ಅಗಲದ ಗುಳ್ಳೆ. ಸೂಜಿಯನ್ನು ಲೈಟರಿನಲ್ಲಿ ಕಾಯಿಸಿ ನಾನೇ ಚುಚ್ಚಿ ನೀರು ತೆಗೆದೆ. ಅವನು ಇನ್ನು ಮೂರು ಗಂಟೆ ಕಳೆದರೆ ಒಂದು ಮಾಲಿನ ಬಾಗಿಲಲ್ಲಿ ಸೆಕ್ಯುರಿಟಿ ಡ್ಯೂಟಿಗೆ ನಿಲ್ಲಬೇಕಿತ್ತು. ಹನ್ನೆರಡು ಗಂಟೆ, ನಿಂತೇ.

ಆ ರಾತ್ರಿ ಅಂಗಡಿಯ ಉದ್ದರಿ ಖಾತೆ ಪುಸ್ತಕದ ಹಿಂದಿನ ಪುಟಗಳನ್ನು ತೆರೆದು, ಗೆರೆ ಎಳೆದು, 26 ಹೆಸರು ಬರೆದೆ. ಹೆಸರಿನ ಮುಂದೆ ಪೊಸಿಷನ್ ಬರೆಯಲಿಲ್ಲ. ಕೆಲಸ ಏನು, ಶಿಫ್ಟ್ ಯಾವುದು, ರಜೆ ಕೊಡುವವರು ಯಾರು, ಎಷ್ಟು ದಿನ ಮೊದಲೇ ಕೇಳಬೇಕು, ಕೆಲಸದ ಜಾಗದಿಂದ ಅಶೋಕನಗರದ ಸ್ಟೇಡಿಯಂಗೆ ಎಷ್ಟು ಹೊತ್ತು, ಇವಿಷ್ಟು. ಕೀಪರ್ ಒಂದು ಗೋದಾಮಿನಲ್ಲಿ ಲೋಡಿಂಗ್, ಎರಡರಿಂದ ಹನ್ನೊಂದು. ರೈಟ್ ವಿಂಗ್ ಊಟ ತಲುಪಿಸುವ ಹುಡುಗ. ಮಧ್ಯಾಹ್ನ ಹನ್ನೆರಡರಿಂದ ಮೂರು ಅವನಿಗೆ ಸುಗ್ಗಿ, ಅದನ್ನು ಬಿಟ್ಟು ಬಂದರೆ ಆ ದಿನದ ಅರ್ಧ ದುಡಿಮೆ ಹೋಯಿತು. ಗೋಲಿನ ಮುಂದೆ ನಡುವೆ ನಿಂತು ತಡೆಯುವ ಸ್ಟಾಪರ್‌ಗಳಲ್ಲಿ ಒಬ್ಬ ಪಿಇ ಮೇಷ್ಟ್ರು, ಇನ್ನೊಬ್ಬ ಎಸಿ ರಿಪೇರಿ. ಮಿಡ್‌ಫೀಲ್ಡಿನಲ್ಲಿ ಇಬ್ಬರು ಕಾಲೇಜು, ಅಟೆಂಡೆನ್ಸ್ 75ಕ್ಕಿಂತ ಕೆಳಗೆ ಹೋದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಗೆರೆ ಎಳೆದು ಮುಗಿಸಿದಾಗ ಗೊತ್ತಾಯಿತು, ಬುಧವಾರ ಮಧ್ಯಾಹ್ನಕ್ಕೆ ನನ್ನ ಹತ್ತಿರ ಖಂಡಿತವಾಗಿ ಇದ್ದದ್ದು ಐದು ಜನ. ಅದರಲ್ಲಿ ಮೂವರು ಲೆಫ್ಟ್ ಬ್ಯಾಕ್.

ಅಲ್ಲಿಂದ ಮುಂದೆ ನಾನು ಮಾಡಿದ ಕೋಚಿಂಗ್ ಎಲ್ಲ ಆ ಪುಸ್ತಕದಿಂದಲೇ ಹುಟ್ಟಿದ್ದು. ಹನ್ನೊಂದು ಜನ ಒಟ್ಟಿಗೆ ಅಭ್ಯಾಸಕ್ಕೆ ಸಿಗುವುದಿಲ್ಲ ಅನ್ನುವುದನ್ನು ಒಪ್ಪಿಕೊಂಡೆ. ಅದಕ್ಕೇ ತುಂಡು ತುಂಡಾಗಿ ಅಭ್ಯಾಸ. ಕೀಪರ್ ಮತ್ತು ಇಬ್ಬರು ಸ್ಟಾಪರ್ ಬೆಳಿಗ್ಗೆ ಐದೂವರೆಗೆ ಮಣ್ಣಿನ ಮೈದಾನದಲ್ಲಿ. ಎಡಗಡೆಯ ಜೋಡಿ, ಬಲಗಡೆಯ ಜೋಡಿ ರಾತ್ರಿ ಹತ್ತರ ನಂತರ ಬಾಡಿಗೆ ಟರ್ಫಿನಲ್ಲಿ, ಆಗ ದರ ಇಳಿಯುತ್ತದೆ, ನಲವತ್ತು ನಿಮಿಷ. ಆಯ್ಕೆಯಲ್ಲೂ ಜೋಡಿಯೇ. ಬಲಗಡೆ ಬ್ಯಾಕ್ ಬರುವುದಿಲ್ಲ ಅಂದರೆ ಅವನ ಮುಂದಿನ ವಿಂಗರ್ ಎಷ್ಟೇ ಚೆನ್ನಾಗಿ ಆಡಲಿ, ಅವನನ್ನೂ ಕೂರಿಸಿ ಇನ್ನೊಂದು ಜೋಡಿಯನ್ನು ಇಳಿಸುತ್ತಿದ್ದೆ. ಅವರು ಮುಖ ಊದಿಸಿಕೊಂಡರು. ಆದರೆ ಗೋಲು ತಿನ್ನುವುದು ಕಡಿಮೆ ಆಯಿತು. ಎರಡನೇ ಪಂದ್ಯ 0–3, ಮೂರನೆಯದು ಆ ಬುಧವಾರದ್ದು, ಅದನ್ನು 1–3ಕ್ಕೆ ಮುಗಿಸಿದೆವು. ನಾಲ್ಕನೆಯದು 0–0. ಮೊದಲ ಪಾಯಿಂಟ್.

ಗೋಲು ಹೊಡೆಯುವುದಕ್ಕೂ ಅದೇ ಲೆಕ್ಕ. ಕಟ್ಟಿ ಆಡುವ ಆಟಕ್ಕೆ ಏಳೆಂಟು ಜನ ತಿಂಗಳುಗಟ್ಟಲೆ ಜೊತೆಯಲ್ಲಿ ಬೆವರಬೇಕು. ಕಾರ್ನರ್ ಕಿಕ್ಕಿಗೆ ಮೂವರು ಸಾಕು. ಹೊಡೆಯುವವನು, ಹತ್ತಿರದ ಕಂಬದ ಹತ್ತಿರ ತಲೆಗೆ ತಾಗಿಸಿ ಹಿಂದಕ್ಕೆ ಜಾರಿಸುವವನು, ದೂರದ ಕಂಬಕ್ಕೆ ನುಗ್ಗುವವನು. ಎಸಿ ರಿಪೇರಿ ಹುಡುಗ ಆರಡಿ ಮೇಲೆ ಎರಡಿಂಚು. ಅವನ ತಲೆ ನಮ್ಮ ಆಸ್ತಿ. ವಾರಕ್ಕೆ ಎರಡು ದಿನ, ಒಂದೇ ಕಾರ್ನರ್, ಐವತ್ತೈವತ್ತು ಸಲ. ಚೆಂಡು ಬಿಡುವ ಹೊತ್ತಿಗೆ ‘ಈಗ’ ಅಂತ ನಾನು ಕೂಗುತ್ತಿದ್ದೆ. ಆಮೇಲೆ ಪಂದ್ಯದಲ್ಲಿ ಕಾರ್ನರ್ ಸಿಕ್ಕಾಗ ಪೆವಿಲಿಯನ್ನಿನಿಂದ ಬೀದಿಯ ಮಕ್ಕಳೆಲ್ಲ ‘ಈಗಾ!’ ಅಂತ ಕೂಗಲು ಶುರು ಮಾಡಿದರು, ಎದುರಾಳಿಗಳಿಗೂ ಗೊತ್ತಾಗಿಹೋಯಿತು. ಆದರೂ ಆ ಸೀಸನ್ನಿನಲ್ಲಿ ನಾವು ಹೊಡೆದ 11 ಗೋಲುಗಳಲ್ಲಿ 6 ನಿಂತ ಚೆಂಡಿನಿಂದಲೇ, ಅಂದರೆ ಕಾರ್ನರ್, ಫ್ರೀ ಕಿಕ್ ತರಹದ್ದರಿಂದಲೇ ಬಂದದ್ದು. ಚಂದದ ಆಟ ಅಲ್ಲ. ಒಬ್ಬ ಹಿರಿಯ ಆಟಗಾರರು ಬಂದು ‘ಏನಪ್ಪಾ, ಚೆಂಡನ್ನ ನೆಲಕ್ಕೆ ಬಿಡೋದೇ ಇಲ್ವಲ್ಲ’ ಅಂದರು. ಖಾತೆ ಪುಸ್ತಕ ತೋರಿಸೋಣ ಅನ್ನಿಸಿತು.

ನಮ್ಮ ಒಳ್ಳೆಯ ಸ್ಟ್ರೈಕರ್ ಸೀಸನ್ ನಡುವೆ ಮಲಪ್ಪುರಂಗೆ ಹೋದ. ಕೇರಳದ ಆ ಕಡೆ ಮಳೆ ನಿಂತ ಮೇಲೆ ಸೆವೆನ್ಸ್ ಫುಟ್‌ಬಾಲ್ ಶುರು. ಏಳೇಳು ಜನ, ಸಣ್ಣ ಮೈದಾನ, ಹೊನಲು ಬೆಳಕು, ಅಡಿಕೆ ಮರದ ಗ್ಯಾಲರಿ ತುಂಬ ಜನ. ಪಂದ್ಯ ಮುಗಿದ ಕೂಡಲೇ ಕೈಗೆ ನಗದು. ಅವನಿಗೆ ಒಂದು ರಾತ್ರಿಗೆ ಸಿಗುತ್ತಿದ್ದದ್ದು ನಾನು ತಿಂಗಳಿಗೆ ಇಡೀ ತಂಡದ ಪೆಟ್ರೋಲಿಗೆ ಕೊಡುತ್ತಿದ್ದಕ್ಕಿಂತ ಹೆಚ್ಚು. ‘ಅಕ್ಕನ ಮದುವೆ ಇದೆ ಅಣ್ಣಾ’ ಅಂದ. ಹೋಗಬೇಡ ಅನ್ನಲು ನನ್ನ ಬಾಯಿಗೆ ಮಾತು ಬರಲಿಲ್ಲ. ಹೋಗಿ ಬಾ, ಮಂಡಿ ಮಾತ್ರ ಹುಷಾರು ಅಂದೆ. ಮದುವೆಗೆ ತಂಡವೆಲ್ಲ ಹೋಗಿ ಊಟ ಮಾಡಿ ಬಂದೆವು.

ರಜೆ ಕೇಳುವುದು ಒಂದು ಕಲೆ. ಮೊದಲು ಕ್ಲಬ್ ಲೆಟರ್‌ಹೆಡ್ಡಿನಲ್ಲಿ ಪತ್ರ ಬರೆದೆ, ಸೀಲ್ ಒತ್ತಿ. ಯಾರೂ ಓದಲಿಲ್ಲ. ಆಮೇಲೆ ಸೂಪರ್‌ವೈಸರ್‌ಗಳನ್ನು ಖುದ್ದಾಗಿ ಹೋಗಿ ನೋಡಲು ಶುರು ಮಾಡಿದೆ. ಒಬ್ಬರು ತಮಿಳಿನಲ್ಲಿ ಬೈದರು, ಒಬ್ಬರು ಚಹಾ ಕುಡಿಸಿ ಇಲ್ಲ ಅಂದರು. ಕೆಲಸಕ್ಕೆ ಬಂದದ್ದು ಒಂದೇ ಉಪಾಯ: ರಜೆ ಕೇಳಬಾರದು, ಅದಲುಬದಲು ಕೇಳಬೇಕು. ಕೀಪರ್‌ಗೆ ಪಂದ್ಯದ ದಿನ ಬೆಳಗಿನ ಶಿಫ್ಟ್ ಕೊಡಿ, ಬದಲಿಗೆ ಭಾನುವಾರ ರಾತ್ರಿ ಯಾರಿಗೂ ಬೇಡದ ಶಿಫ್ಟ್ ಇವನು ಮಾಡುತ್ತಾನೆ. ಅದಕ್ಕೆ ಸೂಪರ್‌ವೈಸರ್ ಒಪ್ಪಿದರು. ಹಾಗಾಗಿ ನಮ್ಮ ಕೀಪರ್ ಬೆಳಿಗ್ಗೆ ಐದರಿಂದ ಒಂದು ಗಂಟೆವರೆಗೆ ಮೂಟೆ ಎತ್ತಿ, ಎರಡು ಗಂಟೆಗೆ ಗೋಲಿನಲ್ಲಿ ನಿಲ್ಲುತ್ತಿದ್ದ. ಅವನ ಡೈವ್ ನೋಡಿ ಮೈದಾನದಲ್ಲಿ ಚಪ್ಪಾಳೆ ಬೀಳುತ್ತಿತ್ತು. ನಾನು ಅವನ ಸೊಂಟ ನೋಡುತ್ತಿದ್ದೆ.

ವಿಂಗರ್ ಹುಡುಗನ ಕಳೆದುಹೋದ ದುಡಿಮೆಯನ್ನು ಬೀದಿಯ ಮೂರು ಅಂಗಡಿಯವರು ಹಂಚಿಕೊಂಡು ತುಂಬಿದರು. ಒಬ್ಬ ಮಟನ್ ಅಂಗಡಿ, ಒಬ್ಬ ಮೊಬೈಲ್ ರಿಪೇರಿ, ಇನ್ನೊಬ್ಬ ನಾನು. ಅವನು ಕೊನೆಯವರೆಗೂ ಅದೇ ಕಂಪನಿಯ ಟೀ ಶರ್ಟಿನಲ್ಲಿ, ಬೆನ್ನಿಗೆ ಆ ಚೌಕದ ಬ್ಯಾಗಿನ ಸಮೇತ ಸ್ಟೇಡಿಯಂಗೆ ಬರುತ್ತಿದ್ದ. ಗೇಟಿನಲ್ಲಿ ಹೊಸ ವಾಚ್‌ಮನ್ ಒಬ್ಬರು ‘ಆರ್ಡರ್ ಯಾರದಪ್ಪಾ?’ ಅಂತ ತಡೆದು ನಿಲ್ಲಿಸಿದ್ದರು. ಬ್ಯಾಗಿನಲ್ಲಿ ನಮ್ಮ ಇಡೀ ತಂಡದ ಐಸ್ ಪ್ಯಾಕ್ ಇರುತ್ತಿತ್ತು. ಬಿಸಿ ಹಿಡಿದಿಡುವ ಬ್ಯಾಗು ತಂಪನ್ನೂ ಹಿಡಿದಿಡುತ್ತದೆ ಅಂತ ಕಂಡುಹಿಡಿದದ್ದು ಅವನೇ.

ಇನ್ನು ನನ್ನ ತಪ್ಪು. ಅದನ್ನು ಬರೆಯದಿದ್ದರೆ ಮಿಕ್ಕದ್ದು ಬರೆದು ಪ್ರಯೋಜನವಿಲ್ಲ. ಒಂದು ಪಂದ್ಯದಲ್ಲಿ ಐದು ಆಟಗಾರರನ್ನು ಬದಲಿಸಬಹುದು, ಆದರೆ ಆಟ ನಿಲ್ಲಿಸಿ ಮಾಡುವ ಅವಕಾಶ ಮೂರೇ ಸಲ, ವಿರಾಮದ ಹೊತ್ತು ಬಿಟ್ಟು. ನಮ್ಮಂಥದ್ದೇ ಒಂದು ಗಲ್ಲಿ ಕ್ಲಬ್ ಮೇಲೆ 1–0 ಮುಂದಿದ್ದೆವು. ಆ ಮೂರು ಪಾಯಿಂಟ್ ಸಿಕ್ಕಿದ್ದರೆ ಸೂಪರ್ ಡಿವಿಷನ್ನಿನಲ್ಲಿ ಉಳಿಯುವ ಚಿಂತೆ ಅಲ್ಲಿಗೇ ಮುಗಿಯುತ್ತಿತ್ತು. ಎಪ್ಪತ್ತನೇ ನಿಮಿಷದ ಹೊತ್ತಿಗೆ ಎಲ್ಲರ ಕಾಲೂ ಹಿಡಿಯುತ್ತಿದ್ದವು, ಕರುಣೆ ಬಂದು ಒಬ್ಬೊಬ್ಬರನ್ನೇ ಹೊರಗೆ ಕರೆದೆ. ಮೂರನೇ ಸಲಕ್ಕೆ ಇಬ್ಬರನ್ನು ಬದಲಿಸಿ ಕೈ ಝಾಡಿಸಿಕೊಂಡೆ. ಎಪ್ಪತ್ತೆಂಟಕ್ಕೆ ಕೀಪರ್ ಒಂದು ಕ್ರಾಸ್ ಹಿಡಿಯಲು ಹಾರಿ ಕೆಳಗೆ ಬಿದ್ದ, ಎದ್ದಾಗ ಬಲಗೈ ಕಿರುಬೆರಳು ಪಕ್ಕಕ್ಕೆ ತಿರುಗಿತ್ತು. ಬೆಂಚಿನಲ್ಲಿ ಎರಡನೇ ಕೀಪರ್ ಗ್ಲೌಸ್ ಹಾಕಿಕೊಂಡು ಎದ್ದು ನಿಂತೇ ಬಿಟ್ಟಿದ್ದ. ಕಳಿಸುವ ಹಾಗಿಲ್ಲ. ಪಿಇ ಮೇಷ್ಟ್ರು ಒದ್ದೆ ಗ್ಲೌಸ್ ತೊಟ್ಟು, ಬೆವರಿನ ಕೀಪರ್ ಜೆರ್ಸಿ ತಲೆಯಿಂದ ಎಳೆದುಕೊಂಡು ಗೋಲಿಗೆ ಹೋದರು. ಹತ್ತು ಜನ. 1–2. ಎರಡನೇ ಗೋಲು ಮೇಷ್ಟ್ರ ಕಾಲಿನ ನಡುವೆ ಹೋಯಿತು. ಮಾರನೇ ದಿನ ಶಾಲೆಯಲ್ಲಿ ಮಕ್ಕಳು ಕೇಳಿದರಂತೆ. ಎರಡನೇ ಕೀಪರ್ ನನ್ನ ಜೊತೆ ಎರಡು ವಾರ ಮಾತಾಡಲಿಲ್ಲ, ನ್ಯಾಯವೇ. ಆವತ್ತಿನಿಂದ ಒಂದು ಅವಕಾಶವನ್ನು ಎಂಬತ್ತೈದನೇ ನಿಮಿಷದವರೆಗೆ ಜೇಬಿನಲ್ಲೇ ಇಟ್ಟುಕೊಳ್ಳುತ್ತೇನೆ, ಯಾರು ಕಾಲು ಹಿಡಿದುಕೊಂಡು ಅತ್ತರೂ.

ನಡುವಿನ ಪಂದ್ಯಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ದೊಡ್ಡ ತಂಡಗಳ ಮೇಲೆ ಸೋತೆವು, ಒಂದರ ಮೇಲೆ ಮಾತ್ರ ಮಳೆಯ ಕೃಪೆಯಿಂದ 1–1. ನಮ್ಮಂಥವರ ಮೇಲೆ ಎರಡು ಗೆದ್ದೆವು. ಕಾಲೇಜಿನ ಇಬ್ಬರು ಪರೀಕ್ಷೆಗೆ ಹೋದರು, ಒಬ್ಬ ಮಾತ್ರ ವಾಪಸ್ ಬಂದ.

ಕೊನೆಯ ಪಂದ್ಯಕ್ಕೆ ಹದಿನಾಲ್ಕು ಜನ ಬಂದಿದ್ದರು. ಹದಿನಾಲ್ಕು! ಬೆಂಚಿನಲ್ಲಿ ಜನ ಕೂತಿರುವುದನ್ನು ನೋಡಿ ನನಗೇ ಒಂಥರಾ ಆಯಿತು. ಕೀಪರ್ ಎರಡು ಬೆರಳು ಸೇರಿಸಿ ಟೇಪ್ ಸುತ್ತಿಕೊಂಡಿದ್ದ. 0–0. ನೋಡಲು ಬಂದವರಿಗೆ ಅದು ಶಿಕ್ಷೆ. ನನಗೆ ಮಾತ್ರ ಆ ತೊಂಬತ್ತು ನಿಮಿಷದಲ್ಲಿ ನಮ್ಮ ನಾಲ್ವರು ಬ್ಯಾಕ್‌ಗಳು ಒಂದೇ ಹಗ್ಗಕ್ಕೆ ಕಟ್ಟಿದ ಹಾಗೆ ಎಡಕ್ಕೆ ಬಲಕ್ಕೆ ಸರಿದದ್ದು ಕಾಣಿಸಿತು. ನಾಲ್ವರೂ ಒಟ್ಟಿಗೆ ಒಂದೇ ಒಂದು ದಿನವೂ ಅಭ್ಯಾಸ ಮಾಡಿದವರಲ್ಲ. ಆದರೆ ಡ್ರಾ ಸಾಲದಾಗಿತ್ತು. ನಮ್ಮ ಕೆಳಗಿದ್ದ ತಂಡಕ್ಕೆ ಮಾರನೇ ದಿನ ಒಂದು ಪಂದ್ಯ ಉಳಿದಿತ್ತು. ಅವರು ಗೆದ್ದರೆ ನಾವು ಮತ್ತೆ ಕೆಳಗೆ, ಎ ಡಿವಿಷನ್ನಿಗೆ.

ಮಾರನೇ ದಿನ ಆ ಪಂದ್ಯ ನೋಡಲು ಸ್ಟೇಡಿಯಂಗೆ ಹೋಗಿದ್ದು ನಾನು, ಮಟನ್ ಅಂಗಡಿಯವರು, ಪರೀಕ್ಷೆ ಮುಗಿಸಿದ್ದ ಕಾಲೇಜು ಹುಡುಗ. ಉಳಿದವರೆಲ್ಲ ಕೆಲಸದಲ್ಲಿ. ನಮ್ಮ ಹಾಗೆಯೇ ಅವರೂ ಹತ್ತೇ ಜನ ಶುರು ಮಾಡಿದರು, ಹನ್ನೊಂದನೆಯವನು ಓಡಿ ಬರುವುದನ್ನು ನಾನು ಗ್ಯಾಲರಿಯಿಂದ ನೋಡಿದೆ. ಅವರ ಕೋಚ್ ಗೇಟಿನ ಕಡೆಗೇ ಮುಖ ಮಾಡಿ ನಿಂತಿದ್ದರು, ಆಟದ ಕಡೆಗೆ ಅಲ್ಲ. ಅವರು ಸೋಲಲಿ ಅಂತ ಬೇಡಿಕೊಳ್ಳಲು ಹೋದವನು, ಅರ್ಧಕ್ಕೆ ನಿಲ್ಲಿಸಿಬಿಟ್ಟೆ. ಅವರು 1–3ರಲ್ಲಿ ಸೋತರು.

ವಾಟ್ಸಾಪ್ ಗುಂಪಿನಲ್ಲಿ ‘ಉಳಿದೆವು’ ಅಂತ ಹಾಕಿದಾಗ ನಾಲ್ಕು ಗಂಟೆ. ಒಂದೂ ಉತ್ತರ ಇಲ್ಲ. ಆರಕ್ಕೆ ಪಿಇ ಮೇಷ್ಟ್ರು ಹೆಬ್ಬೆರಳು ಹಾಕಿದರು. ಏಳೂವರೆಗೆ ಎಸಿ ಹುಡುಗ ಯಾರದೋ ಮನೆಯ ಬಾಲ್ಕನಿಯಿಂದ, ಔಟ್‌ಡೋರ್ ಯೂನಿಟ್ ಪಕ್ಕ ನಿಂತು ಕುಣಿಯುವ ವಿಡಿಯೋ ಕಳಿಸಿದ. ವಿಂಗರ್ ಒಂಬತ್ತರ ಹೊತ್ತಿಗೆ, ಎರಡು ಆರ್ಡರ್ ನಡುವೆ, ನನ್ನ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಹಾರ್ನ್ ಬಾರಿಸಿ ಹೋದ. ಮಲಪ್ಪುರಂನಿಂದ ಮಲಯಾಳಂ ಗದ್ದಲದ ನಡುವೆ ಒಂದು ವಾಯ್ಸ್ ಮೆಸೇಜ್ ಬಂತು, ಏನೂ ಕೇಳಿಸಲಿಲ್ಲ.

ಕೀಪರ್ ಗೋದಾಮಿನಲ್ಲಿ ಫೋನ್ ಲಾಕರಿಗೆ ಹಾಕಬೇಕು. ಅವನ ಮೆಸೇಜ್ ಬಂದದ್ದು ರಾತ್ರಿ ಹನ್ನೊಂದೂ ಇಪ್ಪತ್ತಕ್ಕೆ. ಮೇಲಿನದು ಯಾವುದನ್ನೂ ಓದಿರಲಿಲ್ಲ ಅನ್ನಿಸುತ್ತದೆ.

‘ಅಣ್ಣಾ, ಏನಾಯ್ತು?’